ಕಥೆ ಕೇಳುವ ಮುನ್ನ ಪೆನ್ನು ಚೀಲದೊಳಗೆ ಹೋಗಲಿ

ಕೋಲಾರದ ಶಾಲೆಗಳಲ್ಲಿ ಮಕ್ಕಳ ಕಥಾ ಶಿಬಿರ ನಡೆಸುವವರು ಮೊದಲು ಮಾಡುವ ತಪ್ಪೆಂದರೆ ‘ಒಂದು ಕಥೆ ಬರೀರಿ’ ಎನ್ನುವುದು. ಹಾಗೆಂದ ಕೂಡಲೇ ಒಂದಾನೊಂದು ಊರಿನ ರಾಜ ಬಂದು ಕೂರುತ್ತಾನೆ, ಹಿಂದೆಯೇ ‘ಈ ಕಥೆಯ ನೀತಿ ಏನೆಂದರೆ’ ಬರುತ್ತದೆ. ಪ್ರತಿಭಾ ಕಾರಂಜಿಗೆ ತಯಾರಾದ ಮಕ್ಕಳಿಗಂತೂ ಯಾವ ಮಾತಿಗೆ ಕೈ ಬೀಸಬೇಕೆಂಬುದೂ ಬಾಯಿಪಾಠ.

ಮೊದಲು ಮಾತು. 40 ಮಕ್ಕಳಿದ್ದರೆ ಐದೈದರಂತೆ ಎಂಟು ಗುಂಪು. ಆರು ಜನರಾದರೆ ಇಬ್ಬರು ಪಕ್ಕದಲ್ಲಿ ಹರಟೆ ಶುರುಮಾಡುತ್ತಾರೆ. ಒಂದೇ ಪೀರಿಯಡ್ ಸಾಲದು, ಜೋಡಿ ಪೀರಿಯಡ್ ಕೇಳಿ. ಬ್ಯಾಗೇ ಇಲ್ಲದ ಸಂಭ್ರಮ ಶನಿವಾರ ಸಿಕ್ಕರೆ ಇನ್ನೂ ಒಳ್ಳೆಯದು.

‘ನಿಮ್ಮ ಊರಿನ ಬಗ್ಗೆ ಹೇಳಿ’ ಎಂದರೆ ಅಂತರಗಂಗೆ, ಕೋಲಾರಮ್ಮ, ಚಿನ್ನದ ಗಣಿ ಎಂದು ಪಾಠ ಒಪ್ಪಿಸುತ್ತಾರೆ. ‘ನಿಮ್ಮನೇಲಿ ಬೆಳಗ್ಗೆ ಮೊದಲು ಏಳೋರು ಯಾರು, ಎದ್ದು ಏನ್ಮಾಡ್ತಾರೆ?’ ಎಂದು ಕೇಳಿ ನೋಡಿ, ಟೊಮೆಟೊ ಮಂಡಿ ಬರುತ್ತದೆ. ಕೆರೆಯ ಕಥೆ ಬೇಕಿದ್ದರೆ ಮನೆಯಲ್ಲಿ ಕೇಳಿಕೊಂಡು ಬರಲು ಒಂದು ವಾರ ಕೊಡಿ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಇಲ್ಲಿನ ಕೆರೆಗಳಿಗೆ ಬರತೊಡಗಿದ ಮೇಲೆ ತುಂಬಿದ ಕೆರೆಯನ್ನೇ ಮಕ್ಕಳು ಕಂಡಿರಬಹುದು. ಅದರ ಅಂಗಳ ಬಿರುಕು ಬಿಟ್ಟಿದ್ದು ಹಿರಿಯರಿಗೆ ಗೊತ್ತು.

ಇಲ್ಲಿ ಎಷ್ಟೋ ಮನೆಗಳ ಮಾತು ತೆಲುಗು. ಉರ್ದು, ತಮಿಳಿನವರೂ ಇದ್ದಾರೆ. ಕಥೆ ಮನೆಮಾತಿನಲ್ಲೇ ಬರಲಿ, ಕನ್ನಡಕ್ಕೆ ಆಮೇಲೆ ತಂದರಾಯಿತು. ಹೊರಗಿನಿಂದ ಬಂದವರು ಎಡವುವುದು ‘ಅವ್ವ’ನ ಹತ್ತಿರ. ಇಲ್ಲಿನ ತೆಲುಗು ಮನೆಗಳಲ್ಲಿ ಅವ್ವ ಎಂದರೆ ಅಜ್ಜಿ. ತಾಯಿ ಎಂದು ಬರೆದುಕೊಂಡರೆ ಇಡೀ ಕಥೆಯ ಕಾಲವೇ ಒಂದು ತಲೆಮಾರು ಜಾರುತ್ತದೆ.

ರೆಕಾರ್ಡಿಂಗಿಗೆ ಮೊಬೈಲ್ ಸಾಕು. ಏರೋಪ್ಲೇನ್ ಮೋಡಿಗೆ ಹಾಕಿ, ಮಡಚಿದ ಟವೆಲಿನ ಮೇಲೆ, ಮಗುವಿನಿಂದ ಒಂದು ಮೊಳ ದೂರದಲ್ಲಿಡಿ. ಬರಿ ಡೆಸ್ಕಿನ ಮೇಲಿಟ್ಟರೆ ಮೊಣಕೈ ತಾಗಿದ ಸದ್ದೂ ಗುಡುಗಿನಂತೆ ಕೇಳುತ್ತದೆ. ಫ್ಯಾನ್ ಆರಿಸಿ. ಅರ್ಧ ಗುಂಪುಗಳನ್ನು ಮರದಡಿಗೆ ಕಳಿಸಿ.

ಕಥೆ ಸಾಯುವುದು ಹೆಚ್ಚಾಗಿ ತಿದ್ದುವಾಗ. ‘ಹದಿನೈದು ಕೇಜಿ ಬಾಕ್ಸು, ಎತ್ತೀ ಎತ್ತೀ ಅಪ್ಪನ ಹೆಗಲ ಮೇಲೆ ಗೆರೆ ಬಿದ್ದೈತೆ’ ಎಂದು ಮಗು ಹೇಳಿತು ಅಂತಿಟ್ಟುಕೊಳ್ಳಿ. ಕೆಂಪು ಪೆನ್ನು ಅದನ್ನು ‘ನನ್ನ ತಂದೆಯವರು ಕಷ್ಟಪಟ್ಟು ದುಡಿಯುತ್ತಾರೆ’ ಎಂದು ಮಾಡುತ್ತದೆ. ವ್ಯಾಕರಣ ಸರಿಹೋಯಿತು, ಹೆಗಲು ಹೋಯಿತು. ಒತ್ತಕ್ಷರ ತಿದ್ದಿ, ‘ಬಿದ್ದೈತೆ’ಯನ್ನು ಮುಟ್ಟಬೇಡಿ. ತಿದ್ದಿದ್ದನ್ನು ಮಗುವಿಗೇ ಓದಿ ಹೇಳಿ. ‘ನಾನು ಹಂಗೆ ಹೇಳ್ಲಿಲ್ಲ ಮಿಸ್’ ಎಂದರೆ ಮೊದಲಿನದೇ ಉಳಿಯಬೇಕು.

ಕೊನೆಗೊಂದು ಸಂಜೆ ಮಕ್ಕಳು ಕಥೆಗಳನ್ನು ಬೀದಿಯವರ ಮುಂದೆ ಓದುತ್ತಾರೆ. ಸಾಲ, ಕುಡಿತ, ಜಗಳ ಬಂದ ಕಥೆಯನ್ನು ಅಲ್ಲಿ ಓದಿಸುವ ಮುನ್ನ ಮಗುವನ್ನೂ ಮನೆಯವರನ್ನೂ ಬೇರೆಬೇರೆಯಾಗಿ ಕೇಳಬೇಕು. ಹೆಸರು ಬದಲಿಸಿದರೆ ಸಾಲದು. ಬೀದಿಗಿರುವುದು ಒಂದೇ ಇಸ್ತ್ರಿ ಗಾಡಿಯಾದರೆ ಅದು ಯಾರ ಮನೆಯೆಂದು ಎಲ್ಲರಿಗೂ ತಿಳಿಯುತ್ತದೆ.

ಓದುವ ಸಂಜೆ ವೇದಿಕೆ ಹಾಕಬೇಡಿ. ವೇದಿಕೆ ಬಂದರೆ ಶಾಲು ಬರುತ್ತದೆ, ಶಾಲು ಬಂದರೆ ಭಾಷಣ. ಚಾಪೆ ಹಾಸಿ, ದೊಡ್ಡವರನ್ನು ಮಕ್ಕಳ ಎದುರಿಗೇ ಕೂರಿಸಿ. ಒಂದು ಮಗುವಿಗೆ ಮೂರು ನಿಮಿಷ, ಒಂದು ಸಂಜೆಗೆ ಹತ್ತೇ ಕಥೆ; ಉಳಿದವು ಮುಂದಿನ ತಿಂಗಳಿಗೆ.