ಎರಡು ತಿಂಗಳು ಬರೀ ಟಚ್‌ಪ್ಯಾಡಲ್ಲಿ ಡಿಟಿಪಿ ಮಾಡಿದ ಅನುಭವ

ದಾವಣಗೆರೆಯಲ್ಲಿ ಡಿಟಿಪಿ ಕೆಲಸ ನಂದು, ಅಂದ್ರೆ ಅಚ್ಚಿಗೆ ಹೋಗೋ ಪುಟಗಳನ್ನ ಕಂಪ್ಯೂಟರಲ್ಲಿ ಜೋಡಿಸೋದು. ಮದುವೆ ಕಾರ್ಡು, ಬ್ಯಾನರು, ಸಹಕಾರ ಸಂಘಗಳ ವಾರ್ಷಿಕ ವರದಿ, ಹೆಚ್ಚುಕಮ್ಮಿ ಎಲ್ಲಾ ಕೋರೆಲ್‌ಡ್ರಾ ಅನ್ನೋ ಡಿಸೈನ್ ಸಾಫ್ಟ್‌ವೇರಲ್ಲೇ. ಹೋದ ವರ್ಷ ಸೀಸನ್ ಹತ್ರ ಬಂದಾಗ ಹಳೇ ಡೆಸ್ಕ್‌ಟಾಪ್ ಕೈ ಕೊಡ್ತು, ಕರೆಂಟ್ ಹೋದ್ರೂ ಕೆಲಸ ನಿಲ್ಲಬಾರ್ದು ಅಂತ ಲ್ಯಾಪ್‌ಟಾಪ್ ತಗೊಂಡೆ, ಪ್ರೂಫ್ ಹರಡ್ಕೊಳಕ್ಕೆ ಟೇಬಲ್ ಮೇಲೆ ಜಾಗ ಸಿಗುತ್ತೆ ಅಂತ ಮೌಸನ್ನೂ ಎತ್ತಿಟ್ಟೆ.

ಮೊದಲ ವಾರ ಖುಷಿನೇ. 48 ಪುಟದ ವರದಿನ ಎರಡು ಬೆರಳಲ್ಲಿ ಸರಸರ ಮೇಲೆ ಕೆಳಗೆ ಓಡಿಸ್ಬಹುದು, ಟೈಪ್ ಮಾಡ್ತಾನೇ ಹೆಬ್ಬೆರಳು ಸ್ವಲ್ಪ ಇಳಿಸಿದ್ರೆ ಪ್ಯಾಡ್ ಅಲ್ಲೇ ಇರುತ್ತೆ. ಕರಡು ತಿದ್ದಕ್ಕೆ ಇವತ್ತಿಗೂ ನಂಗೆ ಟಚ್‌ಪ್ಯಾಡೇ ಬೇಕು.

ಕಷ್ಟ ಶುರುವಾಗಿದ್ದು ಕಾರ್ಡ್ ಕೆಲಸ ಬಂದಾಗ. ಅಕ್ಷರನ ಕರ್ವ್ಸ್ (ಬರೀ ಗೆರೆಗಳ ಆಕಾರ) ಮಾಡಿ ಎಫ್10 ಒತ್ತಿ ಒಂದೊಂದೇ ನೋಡ್ (ಗೆರೆ ಮೇಲಿರೋ ಚುಕ್ಕಿ) ಹಿಡಿದು ಎಳೀತೀವಲ್ಲ, ಅವತ್ತು "ಶ್ರೀ"ಯ ರ ಒತ್ತಿನ ಬಾಲನ ಹೆಸರಿನ ಕೆಳಗೆ ಬಳ್ಳಿ ಥರ ಉದ್ದಕ್ಕೆ ತಗೊಂಡು ಹೋಗ್ಬೇಕಿತ್ತು, ಅರ್ಧ ದಾರಿಗೆ ಪ್ಯಾಡ್ ಮುಗಿದೋಯ್ತು, ಬೆರಳು ಎತ್ತಿದ್ರೆ ನೋಡ್ ಅಲ್ಲೇ ಬಿತ್ತು. ಮೌಸಲ್ಲಾದ್ರೆ ಬಟನ್ ಬಿಡದೇ ಮೌಸನ್ನೇ ಎತ್ತಿ ಹಿಂದಕ್ಕಿಟ್ಟು ಮತ್ತೆ ಎಳೀಬಹುದು. ಎಡಗೈ ಹೆಬ್ಬೆರಳಲ್ಲಿ ಪ್ಯಾಡ್ ಒತ್ತಿ ಹಿಡ್ಕೊಂಡು ಬಲಗೈ ಬೆರಳಲ್ಲಿ ಎಳೆದು ನೋಡ್ದೆ, ಆಗುತ್ತೆ, ಆದ್ರೆ ಇಪ್ಪತ್ತು ಮೂವತ್ತು ನೋಡ್ ಆಗೋಷ್ಟ್ರಲ್ಲಿ ಹೆಬ್ಬೆರಳಿನ ಬುಡ ಹಿಡ್ಕೊಳುತ್ತೆ. ಇನ್ನೊಂದು, ಒತ್ತಿದ್ದ ಬೆರಳು ಬಿಡೋವಾಗ ನೋಡ್ ಒಂದು ಕೂದಲೆಳೆ ಜರುಗುತ್ತೆ. ಸ್ಕ್ರೀನಲ್ಲಿ ಗೊತ್ತಾಗಲ್ಲ, ಪ್ರಿಂಟಲ್ಲಿ ಆ ತಿರುವು ಸೊಟ್ಟ ಕಾಣುತ್ತೆ.

ಏಪ್ರಿಲ್ ಬಂತು, ಚಾರ್ಜರ್ ಹಾಕಿದ್ರೆ ಪಾಯಿಂಟರ್ ನಡುಗೋದು, ತೆಗೆದ್ರೆ ಸುಮ್ನಾಗೋದು. ಡ್ರೈವರ್ ಎರಡು ಸಲ ಹೊಸದಾಗಿ ಹಾಕ್ದೆ, ಏನೂ ಪ್ರಯೋಜನ ಇಲ್ಲ. ಕೊನೆಗೆ ಎಲೆಕ್ಟ್ರಿಷಿಯನ್ ಬಂದು ಬೋರ್ಡ್ ಬಿಚ್ಚಿದ್ರೆ ಮೂರನೇ ಪಿನ್ನಿಗೆ ಅರ್ಥಿಂಗ್ ವೈರೇ ಇರ್ಲಿಲ್ಲ! ಟಚ್‌ಪ್ಯಾಡ್ ಬೆರಳಿನ ಒತ್ತಡ ನೋಡಿ ಪಾಯಿಂಟರ್ ಓಡಿಸಲ್ಲ, ಒಳಗಿರೋ ಸಣ್ಣ ವೈರುಗಳ ಬಲೆ ಮೇಲೆ ಬೆರಳು ಬಂದಾಗ ವಿದ್ಯುತ್ತಿನಲ್ಲಿ ಆಗೋ ಚೂರು ವ್ಯತ್ಯಾಸನ ಅಳೆಯುತ್ತೆ, ಚಾರ್ಜರ್ ಗದ್ದಲ ಅದರೊಳಗೆ ಸೇರ್ಕೊಂಡ್ರೆ ಬೆರಳು ಎಲ್ಲಿದೆ ಅಂತ ಅದಕ್ಕೇ ಗೊತ್ತಾಗಲ್ಲ. ಬೆವರಿನ ಹನಿ ಬಿದ್ರೂ ಅದೇ ಕಥೆ. ಆಪ್ಟಿಕಲ್ ಮೌಸಿಗೆ ಈ ಕಾಟ ಇಲ್ಲ, ಅದು ಕೆಳಗಿನ ಟೇಬಲ್ಲಿನ ಚಿತ್ರ ಸೆಕೆಂಡಿಗೆ ಸಾವಿರಾರು ಸಲ ತೆಗೆದು ಹೋಲಿಸುತ್ತೆ, ಬರೀ ಗಾಜಿನ ಮೇಲಿಟ್ರೆ ಮಾತ್ರ ತಡವರಿಸುತ್ತೆ.

ಗೆಳೆಯನ ಹತ್ರ ಇದ್ದ ಟ್ರ್ಯಾಕ್‌ಬಾಲನ್ನೂ ನಾಲ್ಕು ದಿನ ತಂದು ನೋಡ್ದೆ, ಅದರಲ್ಲಿ ಕೂರಿಸಿರೋ ಗುಂಡನ್ನ ಬೆರಳಲ್ಲಿ ಉರುಳಿಸಿದ್ರೆ ಪಾಯಿಂಟರ್ ಓಡುತ್ತೆ. ಆಪಲ್ 1991ರ ಪವರ್‌ಬುಕ್ ಲ್ಯಾಪ್‌ಟಾಪಲ್ಲಿ ಇದನ್ನೇ ಕೂರಿಸಿತ್ತು, 1994ರ ಪವರ್‌ಬುಕ್ 500 ಸರಣಿಗೆ ಬರೋವಾಗ ಟಚ್‌ಪ್ಯಾಡ್ ಮಾಡ್ತು. ಮಣಿಕಟ್ಟಿಗೆ ಆರಾಮ, ಗುಂಡು ಉರುಳಿಸ್ತಾನೇ ಇರ್ಬಹುದು, ಜಾಗ ಮುಗಿಯೋ ಮಾತೇ ಇಲ್ಲ, ಆದ್ರೆ ಬಾಗಿದ ಗೆರೆ ಎಳೆಯಕ್ಕೆ ನನ್ನ ಕೈಗೆ ಅದು ಕೂರ್ಲಿಲ್ಲ. ಥಿಂಕ್‌ಪ್ಯಾಡ್ ಲ್ಯಾಪ್‌ಟಾಪಿನ ಕೀಬೋರ್ಡ್ ನಡುವೆ ಪಾಯಿಂಟರ್ ಓಡಿಸಕ್ಕೆ ಇರೋ ಕೆಂಪು ಗುಂಡಿ ಒಮ್ಮೆ ಒತ್ತಿ ನೋಡಿದ್ದೆ ಅಷ್ಟೇ.

ಕಾರ್ಡಿನ ಅಕ್ಷರಕ್ಕೆ ಕೊನೆಗೆ ಸರಿಹೋಗಿದ್ದು ಪೆನ್ ಟ್ಯಾಬ್ಲೆಟ್, ಅಂದ್ರೆ ಕಂಪ್ಯೂಟರಿಗೆ ಜೋಡಿಸಿ ಪೆನ್ನಲ್ಲಿ ಬರೆಯೋ ಹಲಗೆ. ಅದರ ಮೂಲೆಗೆ ಪೆನ್ ಇಟ್ರೆ ಪಾಯಿಂಟರ್ ಸ್ಕ್ರೀನಿನ ಮೂಲೆಗೇ ಹೋಗುತ್ತೆ, ತಳ್ಕೊಂಡು ಹೋಗೋದಿಲ್ಲ. ಅಭ್ಯಾಸ ಆಗಕ್ಕೆ ಹತ್ತು ದಿನ ಹಿಡೀತು. ಈಗ ವರದಿ ಬಂದ್ರೆ ಟಚ್‌ಪ್ಯಾಡು, ನೋಡ್ ತಿದ್ದಕ್ಕೆ ಮೌಸು, "ಶ್ರೀ" ಬರೆಯಕ್ಕೆ ಪೆನ್ನು, ಪ್ರೂಫ್ ಹರಡಕ್ಕೆ ಪಕ್ಕಕ್ಕೊಂದು ಸ್ಟೂಲ್ ಹಾಕ್ಕೊಂಡಿದ್ದೀನಿ.