ಚಿಕ್ಕ ಕಾಲೇಜಿನ ಫುಟ್‌ಬಾಲ್ ಕೋಚ್‌ಗೆ ಶನಿವಾರ ಬಿಟ್ಟರೆ ಏನು ಕೆಲಸ?

ಅಮೆರಿಕದ ಕಾಲೇಜು ಫುಟ್‌ಬಾಲ್ (ನಮ್ಮ ಕಾಲ್ಚೆಂಡಲ್ಲ, ಹೆಲ್ಮೆಟ್ ಹಾಕಿ ಆಡುವ ಅಮೆರಿಕನ್ ಫುಟ್‌ಬಾಲ್) ಮಾತು ಬಂದಾಗಲೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. ಚಿಕ್ಕ ಕಾಲೇಜುಗಳಿಗೆ ವರ್ಷಕ್ಕೆ ಹತ್ತೇ ನಿಗದಿತ ಮ್ಯಾಚು, ಅದೂ ಸಾಮಾನ್ಯವಾಗಿ ಶನಿವಾರ. ದೊಡ್ಡ ಟಿವಿ ಚಾನೆಲ್‌ಗಳು ಆ ಕಡೆ ತಲೆಹಾಕುವುದಿಲ್ಲ. ಆಡುವ ಹುಡುಗರಿಗೆ ಆಟದ ಸ್ಕಾಲರ್‌ಶಿಪ್ಪೂ ಇಲ್ಲ. ಹಾಗಿದ್ದ ಮೇಲೆ ಕಾಲೇಜು ಒಬ್ಬ ಹೆಡ್ ಕೋಚ್‌ಗೆ ವರ್ಷಪೂರ್ತಿ ಸಂಬಳ ಕೊಟ್ಟು ಯಾಕೆ ಇಟ್ಟುಕೊಳ್ಳುತ್ತದೆ? ನಮ್ಮ ಪಿ.ಟಿ. ಮೇಷ್ಟ್ರ ಥರದ ಕೆಲಸವೇ ಅದು?

ಅಲ್ಲ. ಆತ ಕಾಲೇಜಿಗೆ ವಿದ್ಯಾರ್ಥಿಗಳನ್ನು ತರುವ ಮನುಷ್ಯ. ಆಟ ಕಲಿಸುವುದು ಆ ಕೆಲಸದ ಒಂದು ಭಾಗ, ಅಷ್ಟೆ.

ಇಲ್ಲಿ ಹೇಳುತ್ತಿರುವುದು ಎನ್‌ಸಿಎಎ (ಅಲ್ಲಿನ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ) ಮಾಡಿರುವ ಮೂರನೇ ದರ್ಜೆ, ಡಿವಿಜನ್ 3ರ ಬಗ್ಗೆ. ಅಲಬಾಮಾ, ಮಿಶಿಗನ್‌ನಂಥ ವಿಶ್ವವಿದ್ಯಾಲಯಗಳ ಕೋಟಿಗಟ್ಟಲೆ ಡಾಲರಿನ ಲೋಕವೇ ಬೇರೆ. ಡಿವಿಜನ್ 3ರಲ್ಲಿ ಆಟದ ಸಾಮರ್ಥ್ಯ ನೋಡಿ ಒಂದು ಡಾಲರನ್ನೂ ಕೊಡುವಂತಿಲ್ಲ. ಅಂಕ ನೋಡಿ, ಮನೆಯ ಆದಾಯ ನೋಡಿ ಉಳಿದ ವಿದ್ಯಾರ್ಥಿಗಳಿಗೆ ಎಷ್ಟು ರಿಯಾಯಿತಿ ಸಿಗುತ್ತದೋ ಆಟಗಾರನಿಗೂ ಅಷ್ಟೇ. ಮಿಕ್ಕ ಶುಲ್ಕವನ್ನು ಮನೆಯವರು ಕಟ್ಟಬೇಕು, ಇಲ್ಲವೇ ಸಾಲ ಮಾಡಬೇಕು.

ಒಂದು ಲೆಕ್ಕ ಹಾಕಿ ನೋಡಿ. ಸಾವಿರದೈನೂರು ವಿದ್ಯಾರ್ಥಿಗಳ ಖಾಸಗಿ ಕಾಲೇಜು, ಫುಟ್‌ಬಾಲ್ ತಂಡದಲ್ಲಿ 110 ಹುಡುಗರು ಅಂದುಕೊಳ್ಳಿ. ರಿಯಾಯಿತಿ ಕಳೆದು ತಲೆಗೆ 20,000 ಡಾಲರ್ ಉಳಿದರೂ ವರ್ಷಕ್ಕೆ 22 ಲಕ್ಷ ಡಾಲರ್ ಆಯಿತು. ಕೋಚ್ ಮತ್ತು ಸಹಾಯಕರ ಸಂಬಳ, ಬಸ್ಸು, ಹೆಲ್ಮೆಟ್ಟು ಎಲ್ಲ ಅದರಲ್ಲೇ ಕಳೆದು ಮೇಲೆ ದುಡ್ಡು ಮಿಗುತ್ತದೆ. ಹುಡುಗರ ಸಂಖ್ಯೆ ಕುಸಿದ ಕೆಲವು ಪುಟ್ಟ ಕಾಲೇಜುಗಳು ಹೊಸದಾಗಿ ಫುಟ್‌ಬಾಲ್ ಶುರುಮಾಡಿದ್ದು ಇದೇ ಲೆಕ್ಕದ ಮೇಲೆ.

ಮೈದಾನದಲ್ಲಿ ಒಮ್ಮೆಗೆ ಆಡುವವರು ಹನ್ನೊಂದೇ ಜನ. ಆದರೂ ಕೋಚ್‌ಗೆ 110 ಬೇಕು. ಪ್ರತಿವರ್ಷ ಇಪ್ಪತ್ತು ಚಿಲ್ಲರೆ ಹುಡುಗರು ಪದವಿ ಮುಗಿಸಿ ಹೋಗುತ್ತಾರೆ. ಇನ್ನಷ್ಟು ಜನ ಮಂಡಿ ನೋವು, ಕಡಿಮೆ ಅಂಕ, ಸಾಲದ ಹೊರೆ ಅಂತ ಬಿಡುತ್ತಾರೆ. ಅಂದರೆ ವರ್ಷವರ್ಷವೂ ನಲವತ್ತರ ಹತ್ತಿರ ಹೊಸಬರು ಬೇಕು. ಅದಕ್ಕಾಗಿ ಕೋಚ್ ನೂರಾರು ಹೈಸ್ಕೂಲ್ ಹುಡುಗರ ವಿಡಿಯೋ ನೋಡಬೇಕು, ಅಂಕಪಟ್ಟಿ ತರಿಸಿಕೊಳ್ಳಬೇಕು, ಕ್ಯಾಂಪಸ್ಸಿಗೆ ಕರೆಸಬೇಕು, ಸಹಾಯಧನಕ್ಕೆ ಫಾಫ್ಸಾ ಅರ್ಜಿ ತುಂಬಿದರೇ ಅಂತ ಅಪ್ಪ ಅಮ್ಮನನ್ನು ಕೇಳುತ್ತಲೇ ಇರಬೇಕು. ಮೇ ತಿಂಗಳ ಹೊತ್ತಿಗೆ ಮುಂಗಡ ಕಟ್ಟಿದವರೆಲ್ಲ ಆಗಸ್ಟಿನಲ್ಲಿ ಬಂದೇ ಬರುತ್ತಾರೆ ಅಂತಲೂ ಇಲ್ಲ. ಬೇಸಿಗೆಯಲ್ಲಿ ಸದ್ದಿಲ್ಲದೆ ಕೆಲವರು ಜಾರಿಕೊಳ್ಳುತ್ತಾರೆ. ಅವರನ್ನು ಹಿಡಿದಿಡಲು ಜೂನ್, ಜುಲೈ ತುಂಬ ಫೋನೇ ಫೋನು.

(ಅಮೆರಿಕದಲ್ಲಿರುವ ಕನ್ನಡದ ಮನೆಗಳಿಗೂ ಇಂಥ ಫೋನ್ ಬರುವುದುಂಟು. ಬಂದರೆ ಸ್ಕಾಲರ್‌ಶಿಪ್ ಎಷ್ಟು ಎಂದು ಕೋಚ್‌ನ ಹತ್ತಿರ ಚೌಕಾಸಿ ಮಾಡಿ ಪ್ರಯೋಜನವಿಲ್ಲ, ಅದು ಅವನ ಕೈಯಲ್ಲಿಲ್ಲ. ಎಲ್ಲ ಕಳೆದು ನಾವು ಕಟ್ಟಬೇಕಾದ ನಿವ್ವಳ ಎಷ್ಟು ಅಂತ ಕಾಲೇಜಿನ ಆರ್ಥಿಕ ನೆರವಿನ ಕಚೇರಿಯಿಂದ ಬರಹದಲ್ಲಿ ಪಡೆಯಿರಿ.)

ಹೊಸ ಕೋಚ್ ಎಡವುವುದು ಆಯ್ಕೆಯಲ್ಲಿ. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್, ಓಟಗಾರ ಅಂತ ಕಣ್ಣಿಗೆ ಹೊಡೆಯುವವರ ಹಿಂದೆ ಬೀಳುತ್ತಾನೆ. ಅವರನ್ನು ಕೊನೆಗೆ ಸ್ಕಾಲರ್‌ಶಿಪ್ ಕೊಡುವ ದೊಡ್ಡ ಕಾಲೇಜುಗಳು ಎತ್ತಿಕೊಂಡು ಹೋಗುತ್ತವೆ. ಇತ್ತ ಲಾಂಗ್ ಸ್ನ್ಯಾಪರ್ ಅಂತೊಬ್ಬ ಬೇಕೆಂಬುದೇ ಮರೆತಿರುತ್ತದೆ. ಹತ್ತು ಗಜ ಮುಂದೆ ಸಾಗಲು ತಂಡಕ್ಕೆ ನಾಲ್ಕು ಪ್ರಯತ್ನ ಸಿಗುತ್ತವೆ. ನಾಲ್ಕನೇ ಪ್ರಯತ್ನಕ್ಕೆ ಬಂದು, ಮುಂದೆ ಸಾಗುವ ಆಸೆ ಇಲ್ಲದಾಗ ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಬಿಟ್ಟುಕೊಡುತ್ತಾರೆ; ಅದು ಪಂಟ್. ಒದೆಯುವವನು ಸುಮಾರು 15 ಗಜ ಹಿಂದೆ ನಿಂತಿರುತ್ತಾನೆ. ಸ್ನ್ಯಾಪರ್ ಬಗ್ಗಿ, ತನ್ನ ಕಾಲುಗಳ ನಡುವಿನಿಂದ ಅವನ ಕೈಗೆ ಚೆಂಡು ಎಸೆಯಬೇಕು. ಚೆಂಡು ಹಿಂದಕ್ಕೆ ಹೋಗಲು 0.8 ಸೆಕೆಂಡು, ಹಿಡಿದು ಒದೆಯಲು 1.3 ಸೆಕೆಂಡು, ಒಟ್ಟು 2.1. ಸ್ನ್ಯಾಪ್ ಒಂದಕ್ಕೇ 1.1 ಸೆಕೆಂಡು ಹಿಡಿದರೆ ಎದುರಾಳಿಯ ಕೈ ಚೆಂಡಿನ ಮೇಲಿರುತ್ತದೆ. ತಲೆಯ ಮೇಲೆ ಹಾರಿಹೋದರೆ ಕೇಳುವುದೇ ಬೇಡ. ನಾಲ್ಕು ವರ್ಷ ಈ ಕೆಲಸ ಮಾಡಿದ ಹುಡುಗ ಪದವಿ ಮುಗಿಸಿ ಹೋದಾಗ, ಹಿಂದಿನ ವರ್ಷವೇ ಇನ್ನೊಬ್ಬನನ್ನು ತಂದಿಟ್ಟುಕೊಳ್ಳದ ಕೋಚ್ ಸೆಪ್ಟೆಂಬರಿನಲ್ಲೇ ಮ್ಯಾಚು ಕಳೆದುಕೊಳ್ಳುತ್ತಾನೆ.

ಸೀಸನ್ನಿನ ವಾರ ಹೀಗಿರುತ್ತದೆ. ಶನಿವಾರ ಮಧ್ಯಾಹ್ನ ಮ್ಯಾಚು, ರಾತ್ರಿಯೇ ವಿಡಿಯೋ ಹಡಲ್ ಎಂಬ ಆನ್‌ಲೈನ್ ವಿಡಿಯೋ ತಾಣಕ್ಕೆ ಏರುತ್ತದೆ. ಭಾನುವಾರ ಮುಂದಿನ ಎದುರಾಳಿಯ ಮೂರು ಮ್ಯಾಚು ತೆಗೆದು ಕೂರಬೇಕು. ಒಂದೊಂದರಲ್ಲಿ ಅವರ ಆಕ್ರಮಣದ್ದು ಸುಮಾರು 65 ಆಟ (ಒಂದೊಂದು ಪ್ರಯತ್ನವೂ ಒಂದು ಆಟ), ಒಟ್ಟು ಇನ್ನೂರರ ಹತ್ತಿರ. ಪ್ರತಿಯೊಂದಕ್ಕೂ ಎಷ್ಟನೇ ಪ್ರಯತ್ನ, ಇನ್ನೆಷ್ಟು ಗಜ ಬಾಕಿ, ಮೈದಾನದ ಯಾವ ಬದಿ, ಯಾವ ವ್ಯೂಹ, ಓಟವೋ ಎಸೆತವೋ ಎಂದು ನಮೂದಿಸಬೇಕು. ದೊಡ್ಡ ಕಡೆ ಇದಕ್ಕೇ ಬೇರೆ ಜನ ಇರುತ್ತಾರೆ. ಇಲ್ಲಿ ಪೂರ್ಣಾವಧಿ ಸಹಾಯಕರು ಬೆರಳೆಣಿಕೆಯಷ್ಟು. ಮಿಕ್ಕವರು ಹಗಲು ಶಾಲೆಯಲ್ಲಿ ಪಾಠ ಮಾಡಿ ಸಂಜೆ ಬರುವವರು. ಸೋಮವಾರದಿಂದ ಗುರುವಾರದವರೆಗೆ ಅಭ್ಯಾಸ. ಮಂಗಳವಾರ ಕೆಮಿಸ್ಟ್ರಿ ಲ್ಯಾಬಿದ್ದರೆ ಆ ಹುಡುಗರು ತಡವಾಗಿಯೇ ಬರುತ್ತಾರೆ, ಬೈಯುವಂತಿಲ್ಲ. ಆ ದಿನದ ಮುಖ್ಯ ಪಾಠವನ್ನು ಕೊನೆಯ ಅರ್ಧಗಂಟೆಗೆ ಇಟ್ಟುಕೊಳ್ಳುವ ಕೋಚ್ ಜಾಣ.

ಈ ಕಟ್ಟುಪಾಡುಗಳನ್ನೇ ಪದ್ಧತಿ ಮಾಡಿಕೊಂಡವರು ಜಾನ್ ಗಲಾರ್ಡಿ. ಕೊಲರಾಡೋದ ಟ್ರಿನಿಡಾಡ್ ಊರಿನವರು. 1943ರಲ್ಲಿ ಹೈಸ್ಕೂಲ್ ಕೋಚ್ ಯುದ್ಧಕ್ಕೆ ಹೋದಾಗ, ಇನ್ನೂ 16ರ ಆಟಗಾರನಾಗಿದ್ದ ಇವರೇ ತಂಡ ನಡೆಸತೊಡಗಿದರು. ಮೊಂಟಾನಾದ ಕ್ಯಾರಲ್ ಕಾಲೇಜಿನಲ್ಲಿ ನಾಲ್ಕು ಸೀಸನ್. 1953ರಲ್ಲಿ ಮಿನ್ನೆಸೋಟಾದ ಸೇಂಟ್ ಜಾನ್ಸ್‌ಗೆ ಬಂದವರು 2012ರವರೆಗೆ, ಅರವತ್ತು ಸೀಸನ್, ಅಲ್ಲೇ ಇದ್ದರು. ಬೆನೆಡಿಕ್ಟೈನ್ ಸನ್ಯಾಸಿಗಳ ಕಾಲೇಜದು. ಒಟ್ಟು 489 ಗೆಲುವು, 138 ಸೋಲು, 11 ಡ್ರಾ. 1963, 1965, 1976, 2003ರಲ್ಲಿ ರಾಷ್ಟ್ರೀಯ ಪಟ್ಟ. 2003ರ ಫೈನಲ್‌ನಲ್ಲಿ ಸತತ 55 ಗೆದ್ದು ಬಂದಿದ್ದ ಮೌಂಟ್ ಯೂನಿಯನ್ ತಂಡವನ್ನು 24–6ರಿಂದ ಸೋಲಿಸಿದರು.

ಅವರ ಅಭ್ಯಾಸದಲ್ಲಿ ಒಬ್ಬರನ್ನೊಬ್ಬರು ಕೆಡವುವಂತಿಲ್ಲ. ಸೀಟಿ ಇಲ್ಲ, ತಳ್ಳುವ ಕಬ್ಬಿಣದ ಸ್ಲೆಡ್ ಇಲ್ಲ, ತೊಂಬತ್ತು ನಿಮಿಷ ದಾಟುವಂತಿಲ್ಲ. ಬಂದ ಹುಡುಗರಲ್ಲಿ ಯಾರನ್ನೂ ತಂಡದಿಂದ ತೆಗೆಯುತ್ತಿರಲಿಲ್ಲ. ಕೋಚ್ ಅಂತ ಕರೆಯುವಂತೆಯೂ ಇಲ್ಲ, ಜಾನ್ ಅನ್ನಬೇಕು. (ಸರ್ ಅನ್ನದೆ ಬಾಯಿ ಬಿಡದ ನಮ್ಮವರಿಗೆ ಇದೇ ಎಲ್ಲಕ್ಕಿಂತ ಕಷ್ಟ.) ಇದನ್ನು ಒಬ್ಬ ಮುದುಕನ ತಮಾಷೆ ಅಂತ ಬರೆದವರುಂಟು. ನಮಗೆ ಹಾಗನಿಸುವುದಿಲ್ಲ. ಅಭ್ಯಾಸದಲ್ಲಿ ಮಂಡಿ ಮುರಿದುಕೊಂಡವನ ಜಾಗಕ್ಕೆ ಸ್ಕಾಲರ್‌ಶಿಪ್ ಕೊಟ್ಟು ಇನ್ನೊಬ್ಬನನ್ನು ತರುವ ದಾರಿ ಅಲ್ಲಿಲ್ಲ. ಶನಿವಾರಕ್ಕೆ ಎಲ್ಲರೂ ನೆಟ್ಟಗೆ ನಿಂತಿರಬೇಕು, ಪರೀಕ್ಷೆಗೂ ಓದಿರಬೇಕು. ಕೆಲವೇ ಆಟಗಳನ್ನು ಕಣ್ಣು ಮುಚ್ಚಿ ಮಾಡುವಷ್ಟು ತಿದ್ದಿ ತೀಡುವುದರಲ್ಲೇ ಅವರ ತೊಂಬತ್ತು ನಿಮಿಷ ಕಳೆಯುತ್ತಿತ್ತು.

ಈ ಕೆಲಸಕ್ಕೆ ಬರುವ ದಾರಿ ಸಾಮಾನ್ಯವಾಗಿ ಒಂದೇ: ಆಡಿದವನು ಸ್ನಾತಕೋತ್ತರ ಓದುತ್ತ ಅಲ್ಪ ಭತ್ಯೆಯ ಸಹಾಯಕನಾಗುತ್ತಾನೆ, ಆಮೇಲೆ ಒಂದು ಸ್ಥಾನದ ಕೋಚ್, ಆಮೇಲೆ ಆಕ್ರಮಣ ಅಥವಾ ರಕ್ಷಣೆಯ ಮುಖ್ಯಸ್ಥ, ಆಮೇಲೆ ಹೆಡ್ ಕೋಚ್. ಅಲ್ಲಿಂದ ಮೇಲಕ್ಕೆ ಜಿಗಿಯುವವರು ಕಡಿಮೆ. ಲ್ಯಾನ್ಸ್ ಲೈಪೋಲ್ಡ್ ವಿಸ್ಕಾನ್ಸಿನ್–ವೈಟ್‌ವಾಟರ್‌ನಲ್ಲಿ 2007ರಿಂದ 2014ರವರೆಗೆ 109 ಗೆದ್ದು ಆರೇ ಸೋತರು, ಆರು ಪಟ್ಟ ತಂದರು. ಆಮೇಲೆ ಡಿವಿಜನ್ 1ರ ದೊಡ್ಡ ವಿಶ್ವವಿದ್ಯಾಲಯಗಳು: ಮೊದಲು ಬಫಲೋ, 2021ರಿಂದ ಕ್ಯಾನ್ಸಸ್. ಮೌಂಟ್ ಯೂನಿಯನ್‌ನ ಲ್ಯಾರಿ ಕೆಹ್ರಸ್ 11 ಪಟ್ಟ ಗೆದ್ದರೂ 2012ರವರೆಗೆ ಅಲ್ಲೇ ಕೋಚ್ ಆಗಿದ್ದರು.

ಸೋತರೆ ಕೆಲಸ ಹೋಗುತ್ತದೆಯೇ ಎಂಬುದು ಮುಂದಿನ ಪ್ರಶ್ನೆ. ಹೋಗಬಹುದು. ಆದರೆ ನಾಲ್ಕು ಗೆದ್ದು ಆರು ಸೋತ ವರ್ಷಕ್ಕಿಂತ ತಂಡ 110ರಿಂದ 70ಕ್ಕೆ ಇಳಿದ ವರ್ಷ ಅವನಿಗೆ ಹೆಚ್ಚು ಅಪಾಯ. ಆದ್ದರಿಂದಲೇ ನವೆಂಬರಿನ ಕೊನೆಯ ಮ್ಯಾಚು ಮುಗಿದ ಮರುದಿನ ಅವನು ಸ್ಟೋರ್‌ರೂಮಿನ ಬಾಗಿಲಲ್ಲಿ ಪಟ್ಟಿ ಹಿಡಿದು ನಿಂತು ಹೆಲ್ಮೆಟ್ಟು, ಭುಜದ ಪ್ಯಾಡುಗಳನ್ನು ಒಂದೊಂದಾಗಿ ಎಣಿಸಿ ವಾಪಸ್ ತೆಗೆದುಕೊಳ್ಳುತ್ತಾನೆ, ದುರಸ್ತಿಗೆ ಹೋಗುವುದನ್ನು ಬೇರೆ ಇಡುತ್ತಾನೆ, ಸೋಮವಾರ ಬೆಳಿಗ್ಗೆ ಕಾರು ಹತ್ತಿ ಹೈಸ್ಕೂಲುಗಳ ಕಡೆ ಹೊರಡುತ್ತಾನೆ.