ಪೂರ್ತಿ ಫೋಟೋ ಮೊದಲೇ ಹಾಕಿಬಿಡಿ

ಅಮೆರಿಕದಲ್ಲಿ ಡೇಟಿಂಗ್ ಆ್ಯಪ್ ಅಂದರೆ ಬರೀ ಹುಡುಗರ ಆಟ ಅಲ್ಲ. ಸ್ಟ್ಯಾನ್‌ಫರ್ಡ್‌ನ ಸಮಾಜಶಾಸ್ತ್ರಜ್ಞ ಮೈಕೆಲ್ ರೋಸೆನ್‌ಫೆಲ್ಡ್ ಅವರ ತಂಡ 2017ರಲ್ಲಿ ಒಂದು ಸಮೀಕ್ಷೆ ಮಾಡಿತ್ತು. ಆ ಹೊತ್ತಿಗೆ ಹೊಸದಾಗಿ ಕೂಡಿದ ಗಂಡು ಹೆಣ್ಣು ಜೋಡಿಗಳಲ್ಲಿ ಸುಮಾರು ಶೇ. 39ರಷ್ಟು ಮಂದಿ ಆನ್‌ಲೈನಲ್ಲೇ ಪರಿಚಯವಾದವರು. ಸ್ನೇಹಿತರ ಮೂಲಕ ಪರಿಚಯವಾದವರಿಗಿಂತ ಇದು ಜಾಸ್ತಿ. ಹಾಗಾಗಿ ನಲವತ್ತರ ಹತ್ತಿರ ಬಂದಿರುವ, ಮದುವೆ ಮುರಿದಿರುವ, ದಪ್ಪಗಿರುವ ನಾನು ಮತ್ತೆ ಆ್ಯಪ್ ಹಾಕಿಕೊಂಡೆ ಅಂದರೆ ನೀವು ಹುಬ್ಬೇರಿಸಬೇಡಿ. ಇನ್ನೆಲ್ಲಿ ಹೋಗಲಿ ಹೇಳಿ? ಆಫೀಸಿನಲ್ಲಿ ಮೀಟಿಂಗ್ ಬಿಟ್ಟು ಬೇರೆ ಮಾತಿಲ್ಲ, ಪಕ್ಕದ ಮನೆಯವರು ಕೈ ಬೀಸಿ ಒಳಗೆ ಹೋಗುತ್ತಾರೆ.

ನಾನು ಈ ಲೋಕ ಬಿಟ್ಟಾಗ ಎಲ್ಲ ಬೇರೆಯೇ ಇತ್ತು. ಟಿಂಡರ್ ಆ್ಯಪ್ ಬಂದದ್ದು 2012ರಲ್ಲಿ, ಆಗ ಅದಿನ್ನೂ ಹೊಸದು. ಓಕೆಕ್ಯುಪಿಡ್ ಅನ್ನುವ ಡೇಟಿಂಗ್ ತಾಣದಲ್ಲಿ ಉದ್ದುದ್ದ ಪ್ರಶ್ನೆಗಳಿಗೆ ಉತ್ತರ ಬರೆಯಬೇಕಿತ್ತು. ಮೈಕಟ್ಟು ಹೇಗಿದೆ ಅಂತ ಅಲ್ಲೊಂದು ಪಟ್ಟಿ ಬೇರೆ: ತೆಳ್ಳಗೆ, ಸಾಧಾರಣ, ಸ್ವಲ್ಪ ಜಾಸ್ತಿ, ಹೀಗೆ. ಅದರ ಮುಂದೆ ಕೂತು ಯಾವುದಕ್ಕೆ ಟಿಕ್ ಹಾಕಲಿ ಅಂತ ಯೋಚಿಸುವುದೇ ಒಂದು ಸಂಜೆಯ ಕೆಲಸ. ಈಗ ಓದೋದು ಕಮ್ಮಿ, ನೋಡೋದು ಜಾಸ್ತಿ. ಹಿಂಜ್ ಅನ್ನುವ ಆ್ಯಪ್ ಆರರವರೆಗೆ ಫೋಟೋ ಕೇಳುತ್ತದೆ, ಮೂರು ಚಿಕ್ಕ ಪ್ರಶ್ನೆಗಳಿಗೆ ಉತ್ತರ ಕೇಳುತ್ತದೆ. ಫೋಟೋದಲ್ಲಿರೋದು ನೀವೇನಾ ಅಂತ ಸೆಲ್ಫಿ ತೆಗೆಸಿ ನೋಡುವ ಪದ್ಧತಿಯೂ ಬಂದಿದೆ. ದುಡ್ಡು ಕೊಟ್ಟರೆ ಎತ್ತರದ ಪ್ರಕಾರ ಜನರನ್ನು ಸೋಸಬಹುದು. 2025ರಲ್ಲಿ ಟಿಂಡರ್ ಕೂಡ ಅದನ್ನು ಪರೀಕ್ಷೆ ಮಾಡಿ ನೋಡಿತು. (ಕುಳ್ಳಗಿರುವ ಗಂಡಸರ ಗೋಳು ಕೇಳಿದರೆ ನಮ್ಮದು ಏನೂ ಅಲ್ಲ ಅನ್ನಿಸುತ್ತದೆ.) ತೂಕಕ್ಕೆ ಅಂಥ ಜರಡಿ ನಾನು ನೋಡಿದ ಆ್ಯಪ್‌ಗಳಲ್ಲಿ ಇಲ್ಲ. ಬೇಕಾಗಿಯೂ ಇಲ್ಲ, ಬೇಡದವರ ಫೋಟೋ ಎಡಕ್ಕೆ ಸರಿಸುವ ಹೆಬ್ಬೆರಳೇ ಆ ಕೆಲಸ ಮಾಡುತ್ತದೆ.

ಫೋಟೋ ವಿಷಯಕ್ಕೆ ಬರುತ್ತೇನೆ. ದಪ್ಪಗಿರುವ ನಮಗೆಲ್ಲ ಒಂದು ವಿದ್ಯೆ ಯಾರೂ ಹೇಳಿಕೊಡದೆ ಬರುತ್ತದೆ. ಫೋನನ್ನು ತಲೆಗಿಂತ ಮೇಲೆ ಹಿಡಿದು, ಗಲ್ಲ ಸ್ವಲ್ಪ ಮುಂದೆ ಚಾಚಿ, ಕುತ್ತಿಗೆಯಿಂದ ಕೆಳಗೆ ಕತ್ತರಿಸಿಬಿಡುವ ವಿದ್ಯೆ. ಅಂಥ ಫೋಟೋ ಮುಂದಿಟ್ಟರೆ ಮ್ಯಾಚ್ (ಇಬ್ಬರೂ ಪರಸ್ಪರ ಇಷ್ಟ ಅಂದರೆ ಆಗುವ ಜೋಡಿ) ಹೆಚ್ಚು ಬರುತ್ತವೆ, ನಿಜ. ಆದರೆ ಮೊದಲ ಭೇಟಿಯಲ್ಲಿ ಬಾಗಿಲ ಹತ್ತಿರ ನಿಂತವರ ಕಣ್ಣು ಒಮ್ಮೆ ಕೆಳಗಿಳಿದು ಮೇಲೆ ಬರುತ್ತದಲ್ಲ, ಆ ಅರೆಕ್ಷಣವನ್ನು ನಾನ್ಯಾಕೆ ಎದುರಿಸಬೇಕು? ಹಾಗಾಗಿ ಈ ಸಲ ಈಜುಕೊಳದ ಪಕ್ಕ ನಿಂತ, ತಲೆಯಿಂದ ಕಾಲಿನವರೆಗಿನ ಫೋಟೋವನ್ನೇ ಮೊದಲು ಹಾಕಿದೆ. ಗೆಳತಿ ತೆಗೆದದ್ದು. ಹೊಟ್ಟೆ ಒಳಗೆಳೆದುಕೊಂಡಿಲ್ಲ, ನಗು ಮಾತ್ರ ಚೆನ್ನಾಗಿದೆ. ಮ್ಯಾಚ್‌ಗಳು ಗಣನೀಯವಾಗಿ ಕಮ್ಮಿಯಾದವು. ನನಗೆ ಅದೇ ಬೇಕಿತ್ತು.

ಬೇಡ ಅಂತ ಎಡಕ್ಕೆ ಸರಿಸಿದವರ ಬಗ್ಗೆ ನನಗೆ ತಕರಾರಿಲ್ಲ. ಅದು ನನಗೆ ಗೊತ್ತೂ ಆಗುವುದಿಲ್ಲ. ನ್ಯೂಯಾರ್ಕ್ ನಗರ 2023ರಲ್ಲಿ ಒಂದು ಕಾನೂನು ಮಾಡಿತು. ಕೆಲಸ ಕೊಡುವಾಗ, ಮನೆ ಬಾಡಿಗೆಗೆ ಕೊಡುವಾಗ ತೂಕ ನೋಡಿ ಭೇದ ಮಾಡುವಂತಿಲ್ಲ. ಒಳ್ಳೆಯದೇ. ಆದರೆ ಯಾರು ಯಾರನ್ನು ಇಷ್ಟಪಡಬೇಕು ಅನ್ನುವುದಕ್ಕೆ ಕಾನೂನಿಲ್ಲ, ಇರಲೂಬಾರದು. ಬಾಯಿ ಹರಿಬಿಡುವವರದ್ದು ಬೇರೆ ಕತೆ. ಬಂಬಲ್ ಆ್ಯಪ್ 2021ರಲ್ಲೇ ಮೈಯನ್ನು ಹೀಯಾಳಿಸಿ ಮಾತಾಡುವುದನ್ನು ತನ್ನ ನಿಯಮಗಳಲ್ಲಿ ನಿಷೇಧಿಸಿತು. ಅಂಥವರಿಗೆ ಉತ್ತರ ಕೊಡುತ್ತಾ ಕೂರಬೇಡಿ, ರಿಪೋರ್ಟ್ ಮಾಡಿ, ಬ್ಲಾಕ್ ಮಾಡಿ.

ನನ್ನನ್ನು ನಿಜವಾಗಿ ಸುಸ್ತು ಮಾಡಿದವರು ಬೇಡ ಅಂದವರಲ್ಲ, ಬೇಕು ಅಂದವರು. ಅವರಲ್ಲಿ ಎರಡು ಥರ.

ಒಂದು ಥರದವರಿಗೆ ನನ್ನ ಮೈ ಬಿಟ್ಟು ಬೇರೇನೂ ಕಾಣುವುದಿಲ್ಲ. ಹಲೋ ಆದ ಕೂಡಲೇ ತೊಡೆಯ ಸುದ್ದಿ. ಬೇಗ ಗುರುತು ಸಿಗುತ್ತಾರೆ, ಬೇಗ ಕಳಚಿಕೊಳ್ಳಬಹುದು.

ಇನ್ನೊಂದು ಥರದವರನ್ನು ಗುರುತಿಸುವುದು ಕಷ್ಟ. ಮಾತು ಚೆನ್ನಾಗಿರುತ್ತದೆ. ಓದಿದವರು, ತಮಾಷೆ ಗೊತ್ತಿರುವವರು. ರಾತ್ರಿ ಹನ್ನೊಂದರ ಮೇಲೆ ಮೆಸೇಜ್ ಜೋರು. ಭೇಟಿಯಾಗೋಣ ಅಂದರೆ ಮನೆಗೇ ಬರುತ್ತೇನೆ ಅನ್ನುತ್ತಾರೆ. ಕಾಫಿಗೆ ಹೋಗೋಣ ಅಂದರೆ ಕೆಲಸ ಜಾಸ್ತಿ. ಅಂಥ ಒಬ್ಬರ ಜೊತೆ ತಿಂಗಳುಗಟ್ಟಲೆ ಮಾತು ನಡೆದಿತ್ತು. ಕೊನೆಗೆ ಒಂದು ಭಾನುವಾರ ಮಧ್ಯಾಹ್ನ ಪಾರ್ಕಿನಲ್ಲಿ ಸಿಕ್ಕರು. ಹಿತವಾಗಿಯೇ ಮಾತಾಡುತ್ತಿದ್ದರು. ಎದುರಿನಿಂದ ಅವರ ಸಹೋದ್ಯೋಗಿ ನಾಯಿ ಹಿಡಿದುಕೊಂಡು ಬಂದರು. ಇವರು ನನ್ನಿಂದ ಎರಡು ಹೆಜ್ಜೆ ಪಕ್ಕಕ್ಕೆ ಸರಿದರು. ಪರಿಚಯ ಮಾಡಿಸಲಿಲ್ಲ. ನಾನು ಮರದ ಕಡೆ ನೋಡುತ್ತಾ ನಿಂತೆ, ನಾಯಿ ಬಂದು ನನ್ನ ಶೂ ಮೂಸಿತು. ಸಹೋದ್ಯೋಗಿ ಹೋದ ಮೇಲೆ ಇವರು ಬಿಟ್ಟ ಮಾತನ್ನು ಅಲ್ಲಿಂದಲೇ ಮುಂದುವರಿಸಿದರು, ಏನೂ ಆಗಿಲ್ಲ ಅನ್ನುವಂತೆ.

ಅವರಿಗೆ ನಾನು ಇಷ್ಟವಾಗಿದ್ದೆ, ಅದರಲ್ಲಿ ಅನುಮಾನವಿಲ್ಲ. ನನ್ನ ಜೊತೆ ಕಾಣಿಸಿಕೊಳ್ಳುವುದು ಇಷ್ಟವಿರಲಿಲ್ಲ, ಅಷ್ಟೇ. ನಮ್ಮಂಥವರಿಗೆ ಯಾರೂ ಸಿಗುವುದಿಲ್ಲ ಅಂತ ಊರಿನಲ್ಲಿ ಕನಿಕರ ಪಡುತ್ತೀರಲ್ಲ, ಅದು ತಪ್ಪು ಲೆಕ್ಕ. ಕತ್ತಲಾದ ಮೇಲೆ ಬೇಕಾದಷ್ಟು ಜನ ಸಿಗುತ್ತಾರೆ. ಮಧ್ಯಾಹ್ನ ಸಿಗುವವರು ಬೇಕು. ಹಾಗಾಗಿ ಈಗ ಮೊದಲ ಭೇಟಿ ಹಗಲಲ್ಲೇ, ಜನ ಓಡಾಡುವ ಕಡೆಯೇ. ಅಪರಿಚಿತರನ್ನು ಭೇಟಿಯಾಗುವ ಯಾವ ಹೆಂಗಸಿಗೂ ಸುರಕ್ಷತೆಗಾಗಿ ಇದನ್ನೇ ಹೇಳುತ್ತಾರೆ, ಅಲ್ವಾ? ನನಗೆ ಅದರಿಂದ ಎರಡು ಕೆಲಸ ಆಗುತ್ತದೆ. ಆಮೇಲಾಮೇಲೆ, ಸ್ನೇಹಿತರಿಗೆ ಯಾವಾಗ ಪರಿಚಯ ಮಾಡಿಸುತ್ತೀರಿ ಅಂತ ನೇರವಾಗಿಯೇ ಕೇಳುತ್ತೇನೆ. ತಡವರಿಸುವ ರೀತಿಯಲ್ಲೇ ಗೊತ್ತಾಗುತ್ತದೆ.

ಜಾಗ ಆರಿಸುವುದೂ ಒಂದು ಕಸರತ್ತು, ಇದು ತೆಳ್ಳಗಿರುವವರಿಗೆ ಹೊಳೆಯುವುದೇ ಇಲ್ಲ. ಹೋಗುವ ಮುಂಚೆ ಮ್ಯಾಪ್ ತೆಗೆದು ಗಿರಾಕಿಗಳು ಹಾಕಿದ ಫೋಟೋಗಳನ್ನು ನೋಡುತ್ತೇನೆ. ತಿಂಡಿ ನೋಡೋದಲ್ಲ, ಕುರ್ಚಿ ನೋಡೋದು. ಎರಡೂ ಕಡೆ ಕಬ್ಬಿಣದ ಕೈ ಇರುವ ಕುರ್ಚಿಯಾದರೆ ಎರಡು ಗಂಟೆಯಲ್ಲಿ ತೊಡೆಯ ಮೇಲೆ ಗೆರೆ ಮೂಡುತ್ತದೆ. ಮೇಜು ಬೆಂಚು ಎರಡನ್ನೂ ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಿದ್ದರೆ ಹೊಟ್ಟೆ ಮೇಜಿಗೆ ಒತ್ತುತ್ತದೆ. ಎದುರಿಗಿದ್ದವರು ತಮ್ಮ ಬಾಲ್ಯದ ಕತೆ ಹೇಳುತ್ತಿದ್ದರೆ ನನ್ನ ಗಮನವೆಲ್ಲ ಪಕ್ಕೆಲುಬಿನ ಮೇಲೆ. ಎಳೆದು ಹಿಂದೆ ಸರಿಸಬಹುದಾದ, ಕೈ ಇಲ್ಲದ ಕುರ್ಚಿ ಇದ್ದರೆ ಸಾಕು, ಕಾಫಿ ಹೇಗಿದ್ದರೂ ನಡೆಯುತ್ತದೆ.

ಈ ಸಲ ಹೊಸದಾಗಿ ಸೇರಿಕೊಂಡ ಮಾತು ಇಂಜೆಕ್ಷನ್‌ನದು. ವೆಗೋವಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2021ರಲ್ಲಿ ತೂಕ ಇಳಿಸಲು ಅಂತ ಒಪ್ಪಿಗೆ ಕೊಟ್ಟಿತು. 2023ರಲ್ಲಿ ಅಂಥದ್ದೇ ಇನ್ನೊಂದು, ಝೆಪ್‌ಬೌಂಡ್ ಬಂತು. ಹಿಂದೆ ಜನ ವಾಕಿಂಗ್ ಮಾಡಿ ಅನ್ನುತ್ತಿದ್ದರು, ಈಗ ಹೆಸರು ಕೇಳುವ ಮೊದಲೇ ಅದನ್ನು ತಗೊಳ್ತಿದ್ದೀರಾ ಅಂತ ಕೇಳುತ್ತಾರೆ. ಈಜುತ್ತೇನೆ ಅಂದರೆ ಓ, ತೂಕ ಇಳಿಸೋಕಾ ಅನ್ನುತ್ತಾರೆ. ಅಲ್ಲ ಮಾರಾಯ್ರೆ, ನೀರು ಇಷ್ಟ ಅದಕ್ಕೆ. ನಾನು ಯಾವ ಔಷಧ ತಗೊಳ್ತೀನಿ ಅನ್ನುವುದು ನನಗೂ ನನ್ನ ಡಾಕ್ಟರಿಗೂ ಬಿಟ್ಟ ವಿಷಯ. ಬೇರೆ ಸುದ್ದಿ ಇದ್ದರೆ ಹೇಳಿ ಅಂತ ಬರೆದು ಕಳಿಸುತ್ತೇನೆ. ಕೆಲವರು ಸಾರಿ ಕೇಳಿ ಮಾತು ಮುಂದುವರಿಸುತ್ತಾರೆ, ಅವರನ್ನು ಇಟ್ಟುಕೊಳ್ಳುತ್ತೇನೆ.

ಸದ್ಯ ಒಬ್ಬರ ಜೊತೆ ಮಾತು ನಡೆದಿದೆ. ಅವರೂ ವಿಚ್ಛೇದಿತರು. ಈಜುಕೊಳದ ಫೋಟೋ ನೋಡಿ ಅವರು ಮೊದಲು ಕೇಳಿದ್ದು ಆ ಕೊಳದ ನೀರು ಬೆಚ್ಚಗಿರುತ್ತಾ ಅಂತ. ಅವರಿಗೆ ತಣ್ಣೀರಾದರೆ ಆಗಲ್ಲವಂತೆ. ತಮ್ಮ ಸ್ನೇಹಿತರು ಚೆಸ್ ಆಡಲು ಸೇರುವ ಜಾಗಕ್ಕೆ ಶನಿವಾರ ಮಧ್ಯಾಹ್ನ ಬನ್ನಿ ಅಂತ ಅವರಾಗೇ ಕರೆದಿದ್ದಾರೆ. ಬರ್ತೀನಿ ಅಂದಿದ್ದೇನೆ. ಚೆಸ್ ನನಗೆ ಬರಲ್ಲ, ಅದನ್ನೂ ಹೇಳಿದ್ದೇನೆ.